ಇಂಗ್ಲೆಂಡ್ ಅಷ್ಟು ದುಡ್ಡು ಸುರಿದರೂ ಆಸ್ಪತ್ರೆ ದಾಖಲೆಗಳ ಕಂಪ್ಯೂಟರ್ ಯೋಜನೆ ಯಾಕೆ ಕೈಕೊಟ್ಟಿತು?

ಚಿಕ್ಕ ಉತ್ತರ: ಎಲ್ಲವನ್ನೂ ಲಂಡನ್‌ನಲ್ಲೇ ಕೂತು ತೀರ್ಮಾನ ಮಾಡಿದ್ದಕ್ಕೆ.

2002ರಲ್ಲಿ ಟೋನಿ ಬ್ಲೇರ್ ಸರ್ಕಾರ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ಈ ಯೋಜನೆ ಶುರು ಮಾಡಿತು. ಪ್ರತಿ ರೋಗಿಯ ಪೂರ್ತಿ ದಾಖಲೆ ಯಾವ ಆಸ್ಪತ್ರೆಯಲ್ಲಾದರೂ ಸಿಗಬೇಕು ಅನ್ನೋದು ಆಸೆ. ದೇಶವನ್ನು 5 ವಲಯ ಮಾಡಿ ದೊಡ್ಡ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. ಆದರೆ ಒಂದೊಂದು ಆಸ್ಪತ್ರೆ ಕೆಲಸ ಮಾಡೋ ರೀತಿ ಒಂದೊಂದು ಥರ. ಅದನ್ನು ಬಳಸಬೇಕಾದ ಡಾಕ್ಟರು, ನರ್ಸುಗಳನ್ನು ಸರಿಯಾಗಿ ಕೇಳಿರಲಿಲ್ಲ. ಸಾಫ್ಟ್‌ವೇರ್ ವರ್ಷಗಟ್ಟಲೆ ತಡವಾಯಿತು. 2006ರಲ್ಲಿ ಆಕ್ಸೆಂಚರ್ ಹೊರನಡೆಯಿತು, 2008ರಲ್ಲಿ ಫುಜಿತ್ಸು ಗುತ್ತಿಗೆ ಮುರಿದುಬಿತ್ತು. 2011ರಲ್ಲಿ ಸರ್ಕಾರವೇ ಯೋಜನೆಯನ್ನು ಬಿಚ್ಚಿಹಾಕುತ್ತೇವೆ ಎಂದಿತು. 2013ರಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿ ಹೇಳಿದ ಒಟ್ಟು ಅಂದಾಜು ಖರ್ಚು 980 ಕೋಟಿ ಪೌಂಡ್! ಗುತ್ತಿಗೆ ಮುರಿದರೂ ಅದರ ಕೋರ್ಟು, ವಕೀಲರ ಖರ್ಚು ತಪ್ಪಲಿಲ್ಲ.

ಎಲ್ಲವೂ ಸುಮ್ನೆ ಹೋಯಿತು ಅನ್ನೋದು ಮಾತ್ರ ತಪ್ಪು. ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳನ್ನು ಫಿಲ್ಮ್ ಇಲ್ಲದೆ ಕಂಪ್ಯೂಟರಿನಲ್ಲೇ ನೋಡುವ ವ್ಯವಸ್ಥೆ ಚೆನ್ನಾಗಿಯೇ ನಿಂತಿತು.

ನನಗೆ ಜಾಸ್ತಿ ಸೋಜಿಗ ಅನ್ನಿಸೋದು ಆಮೇಲಿನ ಕಥೆ. 2020ರ ಕೋವಿಡ್ ಹೊತ್ತಿಗೆ ಇದೇ ಇಂಗ್ಲೆಂಡಿನಲ್ಲಿ ಲ್ಯಾಬ್ ಫಲಿತಾಂಶಗಳನ್ನು ಹಳೇ ಎಕ್ಸೆಲ್ ಫೈಲಿಗೆ ತುಂಬುತ್ತಿದ್ದರು. ಅದರಲ್ಲಿ 65,536 ಸಾಲು ಮಾತ್ರ ಹಿಡಿಸುತ್ತದೆ. ಮಿಕ್ಕಿದ್ದು ಸದ್ದಿಲ್ಲದೆ ಬಿದ್ದುಹೋಗಿ, 15,841 ಪಾಸಿಟಿವ್ ಪ್ರಕರಣಗಳು ದಿನದ ಲೆಕ್ಕಕ್ಕೇ ಬರಲಿಲ್ಲ. ಸೋಂಕಿತರಿಗೆ ಫಲಿತಾಂಶ ತಲುಪಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ದಿನಗಟ್ಟಲೆ ತಡವಾಯಿತು.