ಹಳೆಯ ರ‍್ಯಾಲಿ ಸೈಕಲ್: ಓಡಿಸುವುದೇ, ಜೋಪಾನವಾಗಿ ಇಡುವುದೇ?

ಮಲ್ಪೆಯ ಮನೆಯೊಂದರಲ್ಲಿ ಮೂಲ ಬಣ್ಣ, ಮೂಲ ಚಕ್ರಗಳೊಡನೆ ಉಳಿದಿರುವ ಹಳೆಯ ರ‍್ಯಾಲಿ (Raleigh, ಬ್ರಿಟನ್ನಿನ ಕಂಪನಿ) ಸೈಕಲನ್ನು ಓಡಿಸಬಹುದೇ ಎಂಬುದು ನಿಮ್ಮ ಪ್ರಶ್ನೆ. ಓಡಿಸಿ, ಆದರೆ ಮಳೆಗಾಲ ಮುಗಿದ ಮೇಲೆ, ಒಣ ರಸ್ತೆಯಲ್ಲಿ ಮಾತ್ರ ಎಂಬುದು ನನ್ನ ಖಚಿತ ಅಭಿಪ್ರಾಯ.

ಕರಾವಳಿಯಲ್ಲಿ ಸುಮ್ಮನೆ ನಿಲ್ಲಿಸಿಟ್ಟ ಮಾತ್ರಕ್ಕೆ ಸೈಕಲ್ ಉಳಿಯುವುದಿಲ್ಲ. ಕಡಲ ಗಾಳಿಯ ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು, ಕ್ರೋಮ್ ಲೇಪದ ಕಣ್ಣಿಗೆ ಕಾಣದ ಬಿರುಕುಗಳ ಮೂಲಕ ಒಳಗಿನ ಉಕ್ಕನ್ನು ತಲುಪಿ, ಅಲ್ಲಿಂದ ಚುಕ್ಕಿ ಚುಕ್ಕಿಯಾಗಿ ತುಕ್ಕನ್ನು ಎಬ್ಬಿಸುತ್ತದೆ. ಬೇರಿಂಗಿನ ಗ್ರೀಸ್ ಗಟ್ಟಿಯಾಗುತ್ತದೆ. ಗಾಳಿ ಇಳಿದ ಟಯರ್ ಮಡಿಕೆಯಲ್ಲಿ ಸೀಳುತ್ತದೆ. ಆದ್ದರಿಂದ ಹೊರಡುವ ಮುನ್ನ ಬೇರಿಂಗ್‌ಗಳನ್ನು ಬಿಚ್ಚಿ ಹೊಸ ಗ್ರೀಸ್ ತುಂಬಿಸಿ.

ಓಡಿಸಿದಾಗ ಆಗುವ ನಿಜವಾದ ನಷ್ಟ ಸವೆತದ್ದು. ರಾಡ್ ಬ್ರೇಕಿನ (ತಂತಿಯ ಬದಲು ಲೋಹದ ಸರಳುಗಳಿಂದ ಎಳೆಯುವ ಬ್ರೇಕ್) ರಬ್ಬರು ರಿಮ್ಮಿನ ಒಳಮೈಯನ್ನೇ ಒತ್ತುವುದರಿಂದ ಮರಳು ಸಿಕ್ಕಿದರೆ ಕ್ರೋಮ್ ಗೀರಿ ಹೋಗುತ್ತದೆ. ಮೂಲ ಟಯರ್ ಮತ್ತು ಬ್ರೇಕ್ ರಬ್ಬರುಗಳನ್ನು ತೆಗೆದು ಕತ್ತಲಲ್ಲಿ ಜೋಪಾನ ಮಾಡಿ, ಓಡಾಟಕ್ಕೆ ಹೊಸದನ್ನು ಹಾಕಿ. 28 ಇಂಚಿನ ದೊಡ್ಡ ಚಕ್ರವಾದರೆ ಆ ಅಳತೆಯ ಟಯರ್ ಭಾರತದಲ್ಲಿ ಈಗಲೂ ತಯಾರಾಗುತ್ತದೆ ಎಂಬುದು ನಮ್ಮ ಭಾಗ್ಯ. ಹಿಂದಿನ ಚಕ್ರದ ನಡುವೆ ಸ್ಟರ್ಮಿ ಆರ್ಚರ್ ಕಂಪನಿಯ ಗೇರಿನ ಹಬ್ ಇದ್ದರೆ ಅದರ ಮೇಲೆ ತಯಾರಿಕೆಯ ವರ್ಷದ ಅಂಕಿ ಒತ್ತಿರುವುದುಂಟು, ಅದನ್ನು ಉಜ್ಜಿ ಅಳಿಸಬೇಡಿ.

ಮತ್ತೆ ಬಣ್ಣ ಬಳಿಸುವ ಆಸೆಗೆ ಮಾತ್ರ ದಯವಿಟ್ಟು ಬೀಳದಿರಿ: ಕಾರ್ಖಾನೆಯ ಚಿನ್ನದ ಗೆರೆಗಳು ಒಮ್ಮೆ ಹೋದರೆ ಹೋದಂತೆಯೇ. ಮನೆಗೆ ಬಂದೊಡನೆ ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಮೇಣ ಸವರಿ, ಗಾಳಿಯಾಡುವ ಹತ್ತಿಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ.