ಕೋಪ ಬಂದಾಗ ತಲೆ ಯಾಕೆ ಓಡಲ್ಲ?

ಕೋಪ ಬಂದರೆ ಸರಿಯಾಗಿ ಯೋಚನೆ ಮಾಡೋಕೇ ಆಗಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಆ ಹೊತ್ತಲ್ಲಿ ಯೋಚನೆ ಮಾಡೋಕೆ ಹೋಗಲೇಬೇಡಿ, ಮೊದಲು ಮೈ ತಣ್ಣಗಾಗಲಿ.

ಮೆದುಳಿನಲ್ಲಿ ಅಮಿಗ್ಡಲಾ ಅಂತ ಒಂದು ಸಣ್ಣ ಭಾಗ ಇದೆ. ಅದು ಅಪಾಯ ಅಂದುಕೊಂಡು ಎಚ್ಚರಿಕೆ ಕೊಟ್ಟರೆ ಅಡ್ರಿನಲಿನ್ ಅನ್ನೋ ಹಾರ್ಮೋನು ರಕ್ತಕ್ಕೆ ಸೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹಣೆಯ ಹಿಂದೆ ಇರುವ ಯೋಚಿಸುವ ಭಾಗದ ಹಿಡಿತ ಸಡಿಲವಾಗುತ್ತದೆ.

ನಮ್ಮದು ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. ಒಂದು ಜನವರಿಯಲ್ಲಿ ಕಣದಲ್ಲಿ ಒಣಗೋಕೆ ಹಾಕಿದ್ದ ಕಾಫಿ ಮೇಲೆ ಅಕಾಲದ ಮಳೆ ಬಿತ್ತು, ಟಾರ್ಪಾಲು ಮುಚ್ಚಬೇಕಿದ್ದ ತಮ್ಮ ಸುಮ್ನೆ ಫೋನ್ ನೋಡುತ್ತಾ ಕೂತಿದ್ದ. ಬಾಯಿಗೆ ಬಂದಿದ್ದೆಲ್ಲ ಬೈದೆ, ಅವನೂ ತಿರುಗಿ ಬೈದ. ಅಷ್ಟೊತ್ತೂ ಕಾಫಿ ನೆನೆಯುತ್ತಲೇ ಇತ್ತು, ರಾಶಿ ಮಾಡಿ ಮುಚ್ಚೋಣ ಅಂತ ಇಬ್ಬರಿಗೂ ಹೊಳೆಯಲೇ ಇಲ್ಲ! ಕೊನೆಗೆ ಅಮ್ಮ ಕೊಡೆ ಪಕ್ಕಕ್ಕೆಸೆದು ಸೆರಗು ಸಿಕ್ಕಿಸಿಕೊಂಡು ಕಾಫಿ ರಾಶಿಗೆ ಎಳೆಯೋಕೆ ಶುರು ಮಾಡಿದರು.

ಈಗ ನಾನು 4 ಎಣಿಸುತ್ತಾ ಉಸಿರು ಎಳೆದು 6 ಎಣಿಸುತ್ತಾ ಬಿಡುತ್ತೇನೆ. ಉಸಿರು ಬಿಡುವಾಗ ಎದೆಬಡಿತ ತಾನಾಗಿಯೇ ನಿಧಾನವಾಗುತ್ತದೆ, ಅದಕ್ಕೇ ಬಿಡೋದು ಜಾಸ್ತಿ ಹೊತ್ತು ಇರಬೇಕು. ನಾಲ್ಕೈದು ಸಲ ಸಾಕು. ಆಮೇಲೂ ಕುದಿಯುತ್ತಿದ್ದರೆ ಅಲ್ಲಿಂದ ಎದ್ದು ತೋಟದೊಳಗೆ ಒಂದು ಸುತ್ತು ಹೋಗಿಬರುತ್ತೇನೆ, ಆದರೆ 'ಅರ್ಧ ಗಂಟೆಯಲ್ಲಿ ಮಾತಾಡೋಣ' ಅಂತ ಹೇಳಿ ಹೋಗುತ್ತೇನೆ, ಇಲ್ಲದಿದ್ದರೆ ಎದುರಿನವರಿಗೆ ಉರಿ ಹತ್ತುತ್ತದೆ ಅಲ್ವಾ. ದಿಂಬಿಗೆ ಗುದ್ದಿ ಕೋಪ ಹೊರಹಾಕಿ ಅಂತಾರಲ್ಲ, ಅದನ್ನು ನಂಬಬೇಡಿ, ಅದರಿಂದ ಕೋಪ ಇಳಿಯಲ್ಲ.