ಮೆದುಳಿನ ಕೊಬ್ಬು ಆಕ್ಸಿಡೀಕರಣಗೊಂಡರೆ (ಆಮ್ಲಜನಕ ಸೇರಿ ಕೆಟ್ಟರೆ) ಆಲ್ಝೈಮರ್ಸ್ ಬರುತ್ತದೆಯೇ?

ಅದೊಂದರಿಂದಲೇ ಬರುತ್ತದೆ ಎನ್ನಲಾಗದು. ಆದರೆ ಕಾಯಿಲೆ ಮುಂದುವರಿಯುವುದರಲ್ಲಿ ಅದಕ್ಕೂ ಪಾಲಿರಬಹುದು ಎನ್ನಲು ಗಟ್ಟಿ ಕಾರಣಗಳಿವೆ: ಮರೆವು ತುಸುವೇ ಕಾಣಿಸಿಕೊಂಡ ಹಂತದಲ್ಲೇ ಮೆದುಳಿನಲ್ಲಿ ಈ ಹಾನಿಯ ಗುರುತುಗಳು ಹೆಚ್ಚಿರುತ್ತವೆ.

ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು 2%, ಆಮ್ಲಜನಕದ ಬಳಕೆಯಲ್ಲಿ ಸುಮಾರು 20%. ಅದರ ನರಕೋಶಗಳ ಪೊರೆಯಲ್ಲಿರುವುದೋ ಬೇಗ ಕೆಡುವ ಕೊಬ್ಬು. ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲದಲ್ಲಿ 6 ದ್ವಿಬಂಧಗಳಿವೆ (ಎರಡು ಇಂಗಾಲಗಳ ನಡುವಿನ ಜೋಡಿ ಬಂಧಗಳು), ಅರಾಕಿಡೋನಿಕ್ ಆಮ್ಲದಲ್ಲಿ 4. ಎರಡು ದ್ವಿಬಂಧಗಳ ನಡುವಿನ ಹೈಡ್ರೋಜನ್ ಸುಲಭವಾಗಿ ಕಿತ್ತುಬರುತ್ತದೆ. ಫ್ರೀ ರ‍್ಯಾಡಿಕಲ್ (ಒಂಟಿ ಎಲೆಕ್ಟ್ರಾನ್ ಇರುವ ಚುರುಕಿನ ಕಣ) ಅದನ್ನು ಕಸಿದರೆ ಆ ಜಾಗಕ್ಕೆ ಆಮ್ಲಜನಕ ಸೇರುತ್ತದೆ. ಈ ಕೆಟ್ಟ ಕೊಬ್ಬು ಪಕ್ಕದ ಕೊಬ್ಬಿನಿಂದ ಹೈಡ್ರೋಜನ್ ಕಸಿಯುತ್ತದೆ. ಹೀಗೆ ಸರಪಳಿ. ಹಳೆಯ ಎಣ್ಣೆ ಕಮಟಾಗುವುದೂ ಹೀಗೆಯೇ.

ನಿಜವಾದ ಪೆಟ್ಟು ಬೀಳುವುದು ಆಮೇಲೆ. ಅರಾಕಿಡೋನಿಕ್ ಆಮ್ಲದಂಥ ಒಮೆಗಾ-6 ಕೊಬ್ಬು ಒಡೆದಾಗ ಎಚ್‌ಎನ್‌ಇ ಎಂಬ ಆಲ್ಡಿಹೈಡ್ (ಬೇರೆ ಅಣುಗಳೊಡನೆ ಬೇಗ ಬೆಸೆಯುವ ರಾಸಾಯನಿಕ) ಹುಟ್ಟುತ್ತದೆ. ಅದು ಪ್ರೋಟೀನ್‌ಗಳಿಗೆ ಅಂಟಿಕೊಂಡು, ಗ್ಲೂಕೋಸನ್ನು ಒಳತರುವ, ಕ್ಯಾಲ್ಸಿಯಂನಂಥ ಅಯಾನುಗಳನ್ನು (ವಿದ್ಯುದಾವೇಶವಿರುವ ಕಣಗಳನ್ನು) ಹೊರಹಾಕುವ ವ್ಯವಸ್ಥೆಗಳನ್ನು ಕೆಡಿಸುತ್ತದೆ. ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ನರಕೋಶಗಳ ನಡುವಿನ ಸಂಪರ್ಕ ಹಾಳಾಗುತ್ತದೆ. ಇತ್ತ ಆಲ್ಝೈಮರ್ಸ್ ಮೆದುಳಿನಲ್ಲಿ ಜಮೆಯಾಗುವ ಅಮೈಲಾಯ್ಡ್ ಬೀಟಾ ಎಂಬ ಪ್ರೋಟೀನ್ ತುಣುಕುಗಳು ತಾಮ್ರದೊಡನೆ ಸೇರಿ ಫ್ರೀ ರ‍್ಯಾಡಿಕಲ್‌ಗಳನ್ನು ಹುಟ್ಟಿಸಬಲ್ಲ ಹೈಡ್ರೋಜನ್ ಪೆರಾಕ್ಸೈಡ್ ಉತ್ಪಾದಿಸಬಲ್ಲವು. ಅಂದರೆ ಬೆಂಕಿಗೆ ಮತ್ತಷ್ಟು ತುಪ್ಪ.

ಹಾಗಾದರೆ ಸರಪಳಿ ತುಂಡರಿಸುವ ವಿಟಮಿನ್ ಇ ನುಂಗಿದರೆ ಸಾಕೇ? ಸಾಲದು. ಸೌಮ್ಯ ಮರೆವಿದ್ದವರಿಗೆ ದಿನಕ್ಕೆ 2000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಏಕಮಾನ) ಕೊಟ್ಟ, 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಆಲ್ಝೈಮರ್ಸ್ ತಡೆಯಲಿಲ್ಲ. ಅಷ್ಟು ಪ್ರಮಾಣದಲ್ಲಿ ರಕ್ತಸ್ರಾವದ ಅಪಾಯವೂ ಇದೆ.